ಕೆಲಸವಿಲ್ಲದ ತಿಂಗಳುಗಳಿಗೆ ಸಂದರ್ಶನದಲ್ಲಿ ಲೆಕ್ಕ ಕೊಡುವುದು ಹೇಗೆ?

ಸಂದರ್ಶನ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಹಿಂದಿನ ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಸಲೀಸಾಗಿ ಬರುತ್ತಿರುತ್ತದೆ. ಅಷ್ಟರಲ್ಲಿ ಎದುರಿನವರು ರೆಸ್ಯೂಮೆ ಮೇಲೆ ಬೆರಳಿಟ್ಟು, 'ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಏನು ಮಾಡ್ತಿದ್ರಿ?' ಎನ್ನುತ್ತಾರೆ. ಇಲ್ಲಿ ಎಡವುವವರು ಎರಡು ಬಗೆ. ಕೆಲವರು ಮನೆಯ ಕಷ್ಟ, ಹಳೆಯ ಬಾಸ್‌ನ ಕಾಟ, ಆಸ್ಪತ್ರೆಯ ಓಡಾಟ ಎಲ್ಲವನ್ನೂ ಐದು ನಿಮಿಷ ಬಿಚ್ಚಿಡುತ್ತಾರೆ. ಇನ್ನು ಕೆಲವರು 'ಪರ್ಸನಲ್ ರೀಸನ್' ಎಂದು ಎರಡೇ ಪದ ಹೇಳಿ ಸುಮ್ಮನಾಗುತ್ತಾರೆ. ಕೇಳಿದವರಿಗೆ ಬೇಕಾದದ್ದು ಇಬ್ಬರಿಂದಲೂ ಸಿಗುವುದಿಲ್ಲ. ಹಾಗಾದರೆ ಬೇಕಾದದ್ದೇನು ಎಂಬುದು ಗೊತ್ತಾದರೆ ಉತ್ತರ ಕಟ್ಟುವುದು ಅರ್ಧ ಗಂಟೆಯ ಕೆಲಸ.

## ಯಾವುದನ್ನು ಗ್ಯಾಪ್ ಎನ್ನುತ್ತಾರೆ

ಒಂದು ಕೆಲಸದ ಕೊನೆಯ ದಿನದಿಂದ ಮುಂದಿನ ಕೆಲಸಕ್ಕೆ ಸೇರಿದ ದಿನದವರೆಗಿನ ಅವಧಿಯೇ ಗ್ಯಾಪ್. ಲೆಕ್ಕ ಶುರುವಾಗುವುದು ರಾಜೀನಾಮೆ ಕೊಟ್ಟ ದಿನದಿಂದಲ್ಲ. ನೋಟಿಸ್ ಪೀರಿಯಡ್ ಮುಗಿಯುವವರೆಗೂ ನೀವು ಆ ಸಂಸ್ಥೆಯ ನೌಕರರೇ. ನೋಟಿಸ್ ಅವಧಿಯಲ್ಲಿ ಸಂಬಳ ಕೊಡುತ್ತಲೇ ಮನೆಯಲ್ಲಿರಿ ಎಂದಿದ್ದರೆ ಆ ದಿನಗಳೂ ಸಾಮಾನ್ಯವಾಗಿ ಕೆಲಸದ ಲೆಕ್ಕಕ್ಕೇ ಸೇರುತ್ತವೆ. ಕೆಲಸ ಬಿಡುವಾಗ ಸಂಸ್ಥೆ ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ 'ಕೊನೆಯ ಕೆಲಸದ ದಿನ' ಎಂದು ಯಾವ ತಾರೀಕು ಇದೆಯೋ ಅದೇ ಅಂತಿಮ. ಎಷ್ಟೋ ಜನ ಈ ಪತ್ರ ನೋಡದೆ, ನೆನಪಿನಿಂದ ತಿಂಗಳು ಬರೆದು, ಇಲ್ಲದ ಗ್ಯಾಪ್ ಒಂದನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ.

ಇಷ್ಟೇ ತಿಂಗಳು ದಾಟಿದರೆ ಗ್ಯಾಪ್ ಎಂಬ ನಿಯಮ ಎಲ್ಲೂ ಇಲ್ಲ. ಎರಡು ಮೂರು ತಿಂಗಳಾದರೆ ಕೆಲಸ ಹುಡುಕಲು ಹಿಡಿದ ಕಾಲ ಎಂದುಕೊಂಡು ಹೆಚ್ಚಿನವರು ಕೇಳುವುದೇ ಇಲ್ಲ. ಆರು ತಿಂಗಳು ದಾಟಿದರೆ ಕೇಳುತ್ತಾರೆ ಎಂದೇ ಸಿದ್ಧರಾಗಿ ಹೋಗಬೇಕು. ವರ್ಷ ದಾಟಿದ್ದರೆ 'ಏಕೆ' ಎಂಬುದರ ಜೊತೆಗೆ 'ಈಗ ಕೆಲಸ ನೆನಪಿದೆಯಾ' ಎಂಬುದೂ ಬರುತ್ತದೆ. ಒಂದೇ ದೊಡ್ಡ ಗ್ಯಾಪ್‌ಗಿಂತ ನಾಲ್ಕು ವರ್ಷದಲ್ಲಿ ಮೂರು ಸಣ್ಣ ಗ್ಯಾಪ್‌ಗಳನ್ನು ವಿವರಿಸುವುದು ಕಷ್ಟ. ಒಂದಕ್ಕಾದರೆ ಒಂದು ಕಾರಣ ಸಾಕು. ಮೂರಾದರೆ ಕೇಳುವವರು ಕಾರಣ ಬಿಟ್ಟು ಅಭ್ಯಾಸ ಹುಡುಕಲು ತೊಡಗುತ್ತಾರೆ.

## ಕೇಳುವವರ ತಲೆಯಲ್ಲಿ ಏನಿರುತ್ತದೆ

ಬೇರೆಯವರ ಲೆಕ್ಕದ ಪುಸ್ತಕವೊಂದನ್ನು ಓದಲು ಕೂತವರ ಪಾಡು ನೆನೆಸಿಕೊಳ್ಳಿ. ನಡುವೆ ನಾಲ್ಕು ಹಾಳೆ ಇಲ್ಲ. ಹರಿದವರು ಮಕ್ಕಳಿರಬಹುದು, ಹಾಳೆಯ ಮೇಲೆ ನೀರು ಬಿದ್ದಿರಬಹುದು. ಆದರೆ ಓದುವವನಿಗೆ ಮೊದಲು ಬರುವ ಯೋಚನೆ ಅದಲ್ಲ. ಖಾಲಿ ಜಾಗ ಕಂಡಲ್ಲಿ ಮನಸ್ಸು ತಾನೇ ಏನನ್ನೋ ತುಂಬಿಕೊಳ್ಳುತ್ತದೆ, ಮತ್ತು ಒಳ್ಳೆಯದನ್ನು ತುಂಬಿಕೊಳ್ಳುವುದು ಅಪರೂಪ.

ಸಂದರ್ಶಕರು ತುಂಬಿಕೊಳ್ಳುವ ಅನುಮಾನಗಳು ಮುಖ್ಯವಾಗಿ ಮೂರು. ಕೈಗೆ ತುಕ್ಕು ಹಿಡಿದಿದೆಯೇ? ಬಿಡಲು ಕಾರಣವಾದದ್ದು ಇನ್ನೂ ಹಾಗೆಯೇ ಇದ್ದು, ಸೇರಿದ ಆರು ತಿಂಗಳಿಗೆ ಮತ್ತೆ ಹೊರಟುಬಿಡುತ್ತಾರೆಯೇ? ಬೇರೆ ಕಡೆಯವರು ಬೇಡವೆಂದದ್ದಕ್ಕೆ ನಮಗೆ ಕಾಣದ ಕಾರಣವೇನಾದರೂ ಇದೆಯೇ? ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಹೆಚ್ಚು ಹಾನಿ ಮಾಡುವುದು ಅದೇ.

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞರು ಸುಮಾರು 12,000 ಕಾಲ್ಪನಿಕ ರೆಸ್ಯೂಮೆಗಳನ್ನು 3,000ದಷ್ಟು ನಿಜವಾದ ಉದ್ಯೋಗ ಜಾಹೀರಾತುಗಳಿಗೆ ಕಳಿಸಿ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕೆಲಸವಿಲ್ಲದ ಅವಧಿ ಹೆಚ್ಚಿದಷ್ಟೂ ಸಂದರ್ಶನದ ಕರೆ ಕಡಿಮೆಯಾಗುತ್ತಿತ್ತು. ಇಳಿತದ ಬಹುಪಾಲು ಆದದ್ದು ಮೊದಲ ಎಂಟು ತಿಂಗಳಲ್ಲೇ. ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಉದ್ಯೋಗ ಹೇರಳವಾಗಿದ್ದ ನಗರಗಳಲ್ಲಿ ಗ್ಯಾಪ್‌ನ ಪೆಟ್ಟು ಜೋರಾಗಿತ್ತು, ನಿರುದ್ಯೋಗ ಹೆಚ್ಚಿದ್ದ ಕಡೆ ಹಗುರವಾಗಿತ್ತು. ಎಲ್ಲರಿಗೂ ಕೆಲಸ ಸಿಗುವ ಜಾಗದಲ್ಲಿ ನಿಮಗೊಬ್ಬರಿಗೆ ಸಿಗದಿದ್ದರೆ ಅನುಮಾನ ನಿಮ್ಮ ಮೇಲೆ. ಯಾರಿಗೂ ಸಿಗದ ಕಾಲವಾದರೆ ಅನುಮಾನ ಕಾಲದ ಮೇಲೆ. ಸಾಮೂಹಿಕ ಲೇಆಫ್‌ನಲ್ಲಿ ಕೆಲಸ ಕಳೆದುಕೊಂಡವರು ಆ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಬೇಕು ಎನ್ನುವುದು ಇದಕ್ಕೇ.

ಇಂಥ ಅಧ್ಯಯನಗಳು ಅಳೆದಿರುವುದು ಸಂದರ್ಶನಕ್ಕೆ ಕರೆ ಬರುತ್ತದೆಯೇ ಎಂಬುದನ್ನು. ನಿಮ್ಮ ರೆಸ್ಯೂಮೆಯಲ್ಲಿ ಗ್ಯಾಪ್ ಕಾಣುವಂತಿದ್ದೂ ನಿಮ್ಮನ್ನು ಕರೆದಿದ್ದಾರೆ ಎಂದರೆ ದೊಡ್ಡ ಜರಡಿ ಆಗಲೇ ದಾಟಿದ್ದೀರಿ. ಇನ್ನು ಉಳಿದಿರುವುದು ಅನುಮಾನ ತೀರಿಸುವುದಷ್ಟೇ.

## ನಾಲ್ಕು ವಾಕ್ಯದ ಉತ್ತರ

ಒಳ್ಳೆಯ ಉತ್ತರಕ್ಕೆ ಅರ್ಧ ನಿಮಿಷ ಸಾಕು, ಒಂದು ನಿಮಿಷ ದಾಟಬಾರದು. ಮೊದಲ ವಾಕ್ಯದಲ್ಲಿ ಯಾವಾಗ, ಏಕೆ ಎಂಬುದು. ಎರಡನೆಯದರಲ್ಲಿ ಆ ಅವಧಿಯಲ್ಲಿ ಏನಾಯಿತು ಎಂಬುದು. ಮೂರನೆಯದರಲ್ಲಿ ಆ ಕಾರಣ ಈಗ ಮುಗಿದಿದೆ ಎಂಬುದು. ನಾಲ್ಕನೆಯ ವಾಕ್ಯ ಮಾತನ್ನು ಮತ್ತೆ ಈ ಕೆಲಸಕ್ಕೆ ತರುತ್ತದೆ. ಕೇಳಲು ಹೀಗಿರಬಹುದು:

'ಹೋದ ವರ್ಷ ಮಾರ್ಚ್‌ನಲ್ಲಿ ಅಪ್ಪನಿಗೆ ಆಪರೇಷನ್ ಆಯ್ತು, ನೋಡಿಕೊಳ್ಳೋಕೆ ಬೇರೆ ಯಾರೂ ಇರಲಿಲ್ಲ, ಹಾಗಾಗಿ ಕೆಲಸ ಬಿಟ್ಟೆ. ಕೊನೆಯ ನಾಲ್ಕು ತಿಂಗಳಲ್ಲಿ ನಮ್ಮ ಕೆಲಸದ ಹೊಸ ಟ್ಯಾಕ್ಸ್ ಸಾಫ್ಟ್‌ವೇರ್ ಕಲಿತೆ. ಈಗ ಅವರು ಚೆನ್ನಾಗಿದ್ದಾರೆ, ಅಣ್ಣ ಜೊತೆಯಲ್ಲೇ ಇದ್ದಾನೆ, ನಾನು ಪೂರ್ತಿ ದಿನದ ಕೆಲಸಕ್ಕೆ ರೆಡಿ ಇದ್ದೀನಿ. ನಿಮ್ಮಲ್ಲಿ ತಿಂಗಳ ಕೊನೆಯ ಅಕೌಂಟ್ಸ್ ಮುಗಿಸೋದೇ ಮುಖ್ಯ ಕೆಲಸ ಅಂದ್ರಿ, ಹಿಂದಿನ ಕಡೆ ಮೂರು ವರ್ಷ ಅದನ್ನೇ ಮಾಡ್ತಿದ್ದೆ.'

ಇದರಲ್ಲಿ ಯಾವ ಕಾಯಿಲೆ, ಎಷ್ಟು ಖರ್ಚಾಯಿತು, ಅಣ್ಣ ಮೊದಲೇ ಏಕೆ ಬರಲಿಲ್ಲ ಎಂಬುದೊಂದೂ ಇಲ್ಲ. ಬೇಕಾಗಿಯೂ ಇಲ್ಲ. ಸಂದರ್ಶಕರ ಮುಂದಿನ ಪ್ರಶ್ನೆ ಹುಟ್ಟುವುದು ನೀವು ಕೊಟ್ಟ ಕೊನೆಯ ಎಳೆಯಿಂದ. ಉತ್ತರವನ್ನು ಆಸ್ಪತ್ರೆಯಲ್ಲಿ ಮುಗಿಸಿದರೆ ಅವರು ಆಸ್ಪತ್ರೆಯ ಬಗ್ಗೆ ಕೇಳುತ್ತಾರೆ, ಅಕೌಂಟ್ಸ್‌ನಲ್ಲಿ ಮುಗಿಸಿದರೆ ಅಕೌಂಟ್ಸ್ ಬಗ್ಗೆ. ನಾಲ್ಕನೆಯ ವಾಕ್ಯದ ಕೆಲಸ ಇಷ್ಟೇ, ಆದರೆ ಹೆಚ್ಚಿನವರು ಕೈಬಿಡುವುದೂ ಅದನ್ನೇ.

ಎರಡನೆಯ ವಾಕ್ಯ ಕಡ್ಡಾಯವಲ್ಲ. ಆ ಅವಧಿಯಲ್ಲಿ ಏನೂ ಕಲಿಯಲಿಲ್ಲವಾದರೆ ಕಲಿತೆ ಎನ್ನಬೇಡಿ. ಆನ್‌ಲೈನ್ ಕೋರ್ಸ್ ಒಂದರ ಹೆಸರು ಹೇಳಿ, ಅದರಲ್ಲಿ ಏನಿತ್ತು ಎಂದು ಕೇಳಿದಾಗ ತಡವರಿಸುವುದಕ್ಕಿಂತ ಮೂರೇ ವಾಕ್ಯದಲ್ಲಿ ಮುಗಿಸುವುದು ಮೇಲು. ರೋಗಿಯನ್ನು ನೋಡಿಕೊಂಡವರು 'ಟೈಮ್ ಮ್ಯಾನೇಜ್‌ಮೆಂಟ್ ಕಲಿತೆ' ಎಂದು ಅದನ್ನೂ ಕೌಶಲದ ಪಟ್ಟಿಗೆ ಸೇರಿಸುವ ಸಲಹೆ ಈಗೀಗ ಎಲ್ಲೆಲ್ಲೂ ಕಾಣುತ್ತದೆ. ನಿಜವಾದ ಕಷ್ಟವೊಂದಕ್ಕೆ ಹೀಗೆ ಬಣ್ಣ ಹಚ್ಚಿದರೆ ಕೇಳುವವರಿಗೆ ಮುಜುಗರ, ಹೇಳಿದವರಿಗೂ ಲಾಭವಿಲ್ಲ.

## ಕಾರಣಕ್ಕೆ ತಕ್ಕ ಮಾತು

ಲೇಆಫ್ ಆಗಿದ್ದರೆ ವಿವರಿಸುವುದು ಎಲ್ಲಕ್ಕಿಂತ ಸುಲಭ. ಲೇಆಫ್ ಎಂದರೆ ಹುದ್ದೆಯನ್ನೇ ತೆಗೆದುಹಾಕುವುದು, ವ್ಯಕ್ತಿಯ ತಪ್ಪಿಗೆ ಶಿಕ್ಷೆಯಲ್ಲ. 'ನಮ್ಮ ವಿಭಾಗವನ್ನೇ ಮುಚ್ಚಿದರು, 40 ಜನ ಹೊರಬಂದೆವು' ಎಂದು ಸಂಖ್ಯೆ ಸಮೇತ ಹೇಳಿದರೆ ಮೂರನೆಯ ಅನುಮಾನ ಅಲ್ಲೇ ಸತ್ತಿತು. ಇಲ್ಲಿ ಆಗುವ ತಪ್ಪೆಂದರೆ ಹಳೆಯ ಸಂಸ್ಥೆಯನ್ನು ಬೈಯಲು ಕೂರುವುದು. ಬೈಗುಳ ನ್ಯಾಯವಾದದ್ದೇ ಇರಬಹುದು. ಆದರೆ ನಾಳೆ ತಮ್ಮ ಬಗ್ಗೆಯೂ ಇವರು ಹೀಗೇ ಮಾತಾಡುತ್ತಾರೆ ಎಂದಷ್ಟೇ ಎದುರಿನವರು ತಿಳಿಯುತ್ತಾರೆ.

ಕೆಲಸದಿಂದ ತೆಗೆದುಹಾಕಿದ್ದರೆ ಅದನ್ನು ಲೇಆಫ್ ಎನ್ನಬೇಡಿ. ಹಳೆಯ ಕಡೆ ಒಂದು ಫೋನ್ ಮಾಡಿದರೆ ಗೊತ್ತಾಗುವ ಸಂಗತಿ ಅದು. ಏನು ಹೊಂದಲಿಲ್ಲ, ಅದರಲ್ಲಿ ನಿಮ್ಮ ಪಾಲೆಷ್ಟು, ಆಮೇಲೆ ಏನು ಬದಲಿಸಿಕೊಂಡಿರಿ ಎಂಬುದನ್ನು ಒಂದೊಂದು ವಾಕ್ಯದಲ್ಲಿ ಹೇಳಿ: 'ಸೇಲ್ಸ್ ಟಾರ್ಗೆಟ್ ಎರಡು ಕ್ವಾರ್ಟರ್ ಮುಟ್ಟಲಿಲ್ಲ, ಬಿಡಬೇಕಾಯ್ತು. ಹೊಸ ಗ್ರಾಹಕರನ್ನ ಹುಡುಕೋದು ನನ್ನ ಬಲ ಅಲ್ಲ, ಇರೋರನ್ನ ಉಳಿಸಿಕೊಳ್ಳೋದು ಬಲ ಅಂತ ಆಗ ಗೊತ್ತಾಯ್ತು. ಅದಕ್ಕೇ ಈಗ ಸರ್ವಿಸ್ ಕಡೆಯ ಹುದ್ದೆಗೆ ಅರ್ಜಿ ಹಾಕಿದ್ದೀನಿ.'

ಮಕ್ಕಳಿಗಾಗಿ ಬಿಟ್ಟವರ ವಿಷಯದಲ್ಲಿ ಅನುಮಾನದ ರೀತಿಯೇ ಬೇರೆ. ಅಮೆರಿಕದಲ್ಲೇ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕೆಲಸ ಕಳೆದುಕೊಂಡಿದ್ದ ತಾಯಂದಿರಿಗೆ ಹೋಲಿಸಿದರೆ ಮಕ್ಕಳನ್ನು ನೋಡಿಕೊಳ್ಳಲು ತಾವೇ ಕೆಲಸ ಬಿಟ್ಟಿದ್ದ ತಾಯಂದಿರಿಗೆ ಸಂದರ್ಶನದ ಕರೆ ಬಂದದ್ದು ಸುಮಾರು ಅರ್ಧದಷ್ಟು. ತಂದೆಯರಲ್ಲೂ ಇದೇ ದಿಕ್ಕಿನ ಇಳಿತವಿತ್ತು. ಅಂದರೆ ಕೌಶಲದ ಬಗ್ಗೆ ಇರುವುದಕ್ಕಿಂತ 'ಮತ್ತೆ ಬಿಡ್ತಾರಾ' ಎಂಬ ಅನುಮಾನ ಹೆಚ್ಚು. ಇದು ನ್ಯಾಯವಲ್ಲ, ಆದರೆ ಇದೆ. ಆದ್ದರಿಂದ ಇವರ ಉತ್ತರದಲ್ಲಿ ಭಾರ ಬೀಳಬೇಕಾದದ್ದು ಮೂರನೆಯ ವಾಕ್ಯದ ಮೇಲೆ. 'ಮಗು ಈಗ ಶಾಲೆಗೆ ಹೋಗುತ್ತದೆ, ಸಂಜೆಗೂ ವ್ಯವಸ್ಥೆ ಆಗಿದೆ, ಇದು ಯೋಚಿಸಿ ತೆಗೆದುಕೊಂಡ ನಿರ್ಧಾರ' ಎಂದರೆ ಸಾಕು. ವ್ಯವಸ್ಥೆ ಏನೆಂಬ ವಿವರ ಕೊಡಬೇಕಾಗಿಲ್ಲ. ಇನ್ನೂ ಮಕ್ಕಳಾಗುವ ಯೋಚನೆ ಇದೆಯೇ ಎಂಬಂಥ ಪ್ರಶ್ನೆ ಬಂದರೆ, 'ಈ ಕೆಲಸದ ಸಮಯ, ಓಡಾಟ ಎರಡೂ ನನಗೆ ಹೊಂದುತ್ತೆ' ಎಂದು ಕೆಲಸದ ಮಾತಿನಲ್ಲೇ ಉತ್ತರಿಸಬಹುದು.

ಕಾಯಿಲೆ ಬಿದ್ದಿದ್ದರೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. 'ಆರೋಗ್ಯದ ಸಮಸ್ಯೆಯಿತ್ತು, ಚಿಕಿತ್ಸೆ ಮುಗಿದಿದೆ, ಈ ಕೆಲಸ ಮಾಡಲು ಅಡ್ಡಿಯಿಲ್ಲ' ಎಂದರೆ ಪೂರ್ತಿಯಾಯಿತು. ಕೆಲವು ದೇಶಗಳಲ್ಲಿ ಇದಕ್ಕೆ ಕಾನೂನಿನ ಬೆಂಬಲವೂ ಇದೆ. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ವ್ಯಾಪ್ತಿಗೆ ಬರುವ ಸಂಸ್ಥೆಗಳು ಕೆಲಸದ ಆಫರ್ ಕೊಡುವ ಮೊದಲು ಅಂಗವೈಕಲ್ಯದ ಬಗ್ಗೆ ವಿಚಾರಿಸುವಂತಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಆಫರ್‌ಗೆ ಮುಂಚೆ ಆರೋಗ್ಯದ ಪ್ರಶ್ನೆ ಕೇಳುವುದಕ್ಕೆ ಮಿತಿ ಹಾಕಿದೆ. ಮಾನಸಿಕ ದಣಿವಿನಿಂದ ಬಿಟ್ಟವರಿಗೂ ಇದೇ ಸೂತ್ರ. 'ಬರ್ನ್‌ಔಟ್ ಆಗಿತ್ತು' ಎಂದರೆ ಮುಂದಿನ ಪ್ರಶ್ನೆ 'ಇಲ್ಲಿಯೂ ಒತ್ತಡ ಇರುತ್ತಲ್ಲ' ಎಂದೇ ಬರುತ್ತದೆ.

ಪರೀಕ್ಷೆಗೆ ಓದಲು ಹೋಗಿ ಪಾಸಾಗದವರು, ಸ್ವಂತ ವ್ಯಾಪಾರ ಮಾಡಿ ಮುಚ್ಚಿದವರು ಸೋಲನ್ನು ಮರೆಮಾಚಲು ಒದ್ದಾಡುತ್ತಾರೆ. ಮರೆಮಾಚುವಂಥದ್ದು ಅದರಲ್ಲಿ ಏನೂ ಇಲ್ಲ. ಕೇಳುವವರಿಗೆ ಗೊತ್ತಾಗಬೇಕಾದದ್ದು ಒಂದೇ: ಆ ಬಾಗಿಲು ಮುಚ್ಚಿತೇ, ಇನ್ನೂ ಅರ್ಧ ತೆರೆದಿದೆಯೇ? ಮುಂದಿನ ವರ್ಷ ಮತ್ತೆ ಪರೀಕ್ಷೆ ಬರೆಯುವವರಾದರೆ ಬರೆಯುವುದಿಲ್ಲ ಎನ್ನಬೇಡಿ. ಕೆಲಸದ ಜೊತೆಗೇ ಬರೆಯುವುದಾದರೆ ಹಾಗೆಂದೇ ಹೇಳಿ.

ಪ್ರವಾಸ, ವಿಶ್ರಾಂತಿ ಎಂದು ತಾವೇ ಬಿಡುವು ತೆಗೆದುಕೊಂಡವರು ಅದನ್ನು ನಿರ್ಧಾರವಾಗಿ ಹೇಳಿದರೆ ಸಾಕು, ತಪ್ಪೊಪ್ಪಿಗೆಯಂತೆ ಬೇಡ.

## ರೆಸ್ಯೂಮೆಯಲ್ಲಿ ತಾರೀಕು ಹಾಕುವ ಬಗೆ

ತಿಂಗಳು ಬಿಟ್ಟು ವರ್ಷ ಮಾತ್ರ ಬರೆಯುವುದು ಹಳೆಯ ಉಪಾಯ. '2021–2023, 2023–2025' ಎಂದರೆ 2023ರ ಒಳಗಿನ ಎಂಟು ತಿಂಗಳ ಗ್ಯಾಪ್ ಕಣ್ಣಿಗೆ ಬೀಳದು. ಇದು ಸುಳ್ಳೇನಲ್ಲ. ಆದರೆ ಕೈಕೊಡುವ ಜಾಗ ಗೊತ್ತಿರಲಿ: ಬಹಳಷ್ಟು ಸಂಸ್ಥೆಗಳ ಆನ್‌ಲೈನ್ ಅರ್ಜಿಯಲ್ಲಿ ತಿಂಗಳು ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ಅಲ್ಲಿ ತಿಂಗಳು, ರೆಸ್ಯೂಮೆಯಲ್ಲಿ ವರ್ಷ ಮಾತ್ರ ಎಂದಾದಾಗ ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಗ್ಯಾಪ್ ಇನ್ನಷ್ಟು ಎದ್ದು ಕಾಣುತ್ತದೆ.

ಇನ್ನೊಂದು ದಾರಿ, ತಾರೀಕಿನ ಬದಲು ಎಷ್ಟು ವರ್ಷದ ಅನುಭವ ಎಂದು ಬರೆಯುವುದು. ಬ್ರಿಟನ್ನಿನಲ್ಲಿ 9,022 ಅರ್ಜಿಗಳ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 'ಇಂಥ ಕೆಲಸ, 4 ವರ್ಷ' ಎಂಬ ರೀತಿಯಲ್ಲಿ ಬರೆದ ರೆಸ್ಯೂಮೆಗಳಿಗೆ, ಗ್ಯಾಪ್ ಕಾಣುವಂತೆ ತಾರೀಕು ಹಾಕಿದವುಗಳಿಗಿಂತ ಶೇ 15ರಷ್ಟು ಹೆಚ್ಚು ಕರೆ ಬಂದವು. ಗ್ಯಾಪ್ ಇಲ್ಲದ, ತಾರೀಕು ಹಾಕಿದ ರೆಸ್ಯೂಮೆಗಳಿಗಿಂತಲೂ ಶೇ 8ರಷ್ಟು ಹೆಚ್ಚು! ಅನುಭವದ ಮೊತ್ತ ನೇರವಾಗಿ ಕಣ್ಣಿಗೆ ಬೀಳುವುದೇ ಇದಕ್ಕೆ ಕಾರಣ ಎಂದು ಸಂಶೋಧಕರು ಕಂಡುಕೊಂಡರು. ಹೀಗೆ ಬರೆದವರು ಸಂದರ್ಶನಕ್ಕೆ ಹೋಗುವಾಗ ತಿಂಗಳುಗಳನ್ನು ಬಾಯಿಗೆ ತಂದುಕೊಂಡಿರಬೇಕು, ಏಕೆಂದರೆ ಅಲ್ಲಿ ಕೇಳಿಯೇ ಕೇಳುತ್ತಾರೆ.

ವರ್ಷ ಮೀರಿದ ಗ್ಯಾಪ್ ಆದರೆ ಅದನ್ನೇ ಒಂದು ಸಾಲಾಗಿ ಬರೆಯುವುದು ಸರಿ: 'ಜನವರಿ 2023 – ಜೂನ್ 2024: ಕುಟುಂಬದ ಆರೈಕೆಗಾಗಿ ಬಿಡುವು'. ಲಿಂಕ್ಡ್‌ಇನ್ 2022ರಲ್ಲಿ ಇದಕ್ಕೆಂದೇ 'ಕರಿಯರ್ ಬ್ರೇಕ್' ಎಂಬ ವಿಭಾಗ ಸೇರಿಸಿತು. ಯಾವ ದಾರಿ ಹಿಡಿದರೂ ರೆಸ್ಯೂಮೆ, ಆನ್‌ಲೈನ್ ಪ್ರೊಫೈಲ್, ಅರ್ಜಿಯ ಫಾರ್ಮ್, ನಿಮ್ಮ ಬಾಯಿಮಾತು ನಾಲ್ಕರಲ್ಲೂ ಒಂದೇ ತಿಂಗಳು ಇರಬೇಕು. ಅರ್ಜಿ ಹಾಕುವ ಮೊದಲು ರಿಲೀವಿಂಗ್ ಲೆಟರ್‌ಗಳನ್ನು ಎದುರಿಗಿಟ್ಟುಕೊಂಡು ಒಂದು ಚೀಟಿಯಲ್ಲಿ ಸೇರಿದ ದಿನ, ಬಿಟ್ಟ ದಿನ ಬರೆದುಕೊಳ್ಳಿ. ಎಲ್ಲ ಕಡೆಗೂ ಅದರಿಂದಲೇ ನಕಲು ಮಾಡಿ.

## ಸುಳ್ಳು ಸಿಕ್ಕಿಬೀಳುವ ಜಾಗ

ಆಫರ್ ಕೊಟ್ಟ ಮೇಲೆ, ಕೆಲವೊಮ್ಮೆ ಕೆಲಸಕ್ಕೆ ಸೇರಿದ ಮೇಲೂ, ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಬ್ಯಾಕ್‌ಗ್ರೌಂಡ್ ಚೆಕ್ ಎಂದು ಕರೆಯುವುದು ಇದನ್ನೇ. ದೊಡ್ಡ ಸಂಸ್ಥೆಗಳು ಇದನ್ನು ಹೊರಗಿನ ಏಜೆನ್ಸಿಗೆ ವಹಿಸುತ್ತವೆ. ಏಜೆನ್ಸಿಯವರು ಹಳೆಯ ಸಂಸ್ಥೆಯ ಎಚ್‌ಆರ್‌ಗೆ ಕೇಳುವುದು ಮುಖ್ಯವಾಗಿ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು. ಬಿಟ್ಟ ಕಾರಣ, ಮತ್ತೆ ತೆಗೆದುಕೊಳ್ಳುತ್ತೀರಾ ಎಂಬುದನ್ನೂ ಕೆಲವರು ಕೇಳುತ್ತಾರೆ. ಸಂಬಳದ ಚೀಟಿ, ತೆರಿಗೆಯ ದಾಖಲೆ ತರಿಸಿಕೊಂಡು ತಾಳೆ ನೋಡುವುದೂ ಉಂಟು.

ವಿಚಿತ್ರವೆಂದರೆ ಈ ಪರಿಶೀಲನೆ ನಿಮ್ಮ ಗ್ಯಾಪ್ ಹುಡುಕುವುದಿಲ್ಲ, ನೀವು ಹೇಳಿದ ತಾರೀಕು ಸರಿಯೇ ಎಂದು ಹುಡುಕುತ್ತದೆ. ಹತ್ತು ತಿಂಗಳ ಗ್ಯಾಪ್ ಇದೆ ಎಂದು ಹೇಳಿದವರ ಕಡತದಲ್ಲಿ ಏನೂ ತಪ್ಪು ಕಾಣುವುದಿಲ್ಲ. ಗ್ಯಾಪ್ ಮುಚ್ಚಲು ಬಿಟ್ಟ ದಿನವನ್ನು ಐದು ತಿಂಗಳು ಮುಂದೆ ಸರಿಸಿದವರದ್ದು 'ಹೊಂದಾಣಿಕೆಯಿಲ್ಲ' ಎಂದು ವರದಿಯಾಗುತ್ತದೆ. ಆಗ ಆಫರ್ ಹಿಂದಕ್ಕೆ ಹೋಗಬಹುದು, ಸೇರಿದ್ದರೆ ಕೆಲಸವೂ ಹೋಗಬಹುದು. ದುಡ್ಡು ಕೊಟ್ಟು ತಂದ ನಕಲಿ ಎಕ್ಸ್‌ಪೀರಿಯನ್ಸ್ ಲೆಟರ್‌ನ ಗತಿ ಇನ್ನೂ ಕಷ್ಟದ್ದು. ಅದು ವಂಚನೆಯ ಕೇಸೂ ಆಗಬಹುದು.

'ಫ್ರೀಲಾನ್ಸ್ ಮಾಡ್ತಿದ್ದೆ' ಎಂಬ ಹೊದಿಕೆ ಎಲ್ಲರೂ ಬಳಸುವಂಥದ್ದು, ಅದಕ್ಕೇ ಎಲ್ಲರೂ ಕೆದಕುತ್ತಾರೆ. ನಿಜವಾಗಿ ಮಾಡಿದ್ದರೆ ಯಾರಿಗೆ, ಏನು ಮಾಡಿಕೊಟ್ಟಿರಿ, ಬಿಲ್ ಅಥವಾ ಹಣ ಬಂದ ದಾಖಲೆ ಎಲ್ಲಿದೆ ಎಂಬ ಮೂರನ್ನೂ ಸಿದ್ಧವಿಟ್ಟುಕೊಳ್ಳಿ. ಹದಿನಾಲ್ಕು ತಿಂಗಳಲ್ಲಿ ಎರಡೇ ಸಣ್ಣ ಕೆಲಸ ಮಾಡಿದ್ದರೆ 'ಎರಡು ಕೆಲಸ ಮಾಡಿಕೊಟ್ಟೆ' ಎಂದೇ ಹೇಳಿ.

## ಬೆನ್ನಟ್ಟಿ ಬರುವ ಪ್ರಶ್ನೆಗಳು

'ಇಷ್ಟು ದಿನ ಯಾಕೆ ಸಿಗಲಿಲ್ಲ?' ಎಂಬುದು ಚುಚ್ಚುವ ಪ್ರಶ್ನೆ. ಉತ್ತರದಲ್ಲಿ ಹುಡುಕಾಟದ ರೀತಿ ಕಾಣಲಿ: 'ಮೊದಲ ಮೂರು ತಿಂಗಳು ನನ್ನ ಹಳೆಯ ಹುದ್ದೆಯನ್ನೇ ಹುಡುಕಿದೆ, ಅಂಥವು ಕಡಿಮೆ ಇದ್ದವು. ಆಮೇಲೆ ವ್ಯಾಪ್ತಿ ಹಿಗ್ಗಿಸಿದೆ. ಎರಡು ಕಡೆ ಕೊನೆಯ ಸುತ್ತಿನವರೆಗೆ ಹೋಗಿದ್ದೆ.' ಎಷ್ಟು ಕಡೆ ತಿರಸ್ಕರಿಸಿದರು ಎಂಬ ಲೆಕ್ಕವನ್ನು ನೀವಾಗಿ ಕೊಡಬೇಡಿ.

'ಕೆಲಸ ಮರೆತಿಲ್ಲ ತಾನೇ?' ಎಂದು ಕೇಳಿದರೆ ಭರವಸೆಯ ಮಾತು ಸಾಲದು, ಸಾಕ್ಷಿ ಬೇಕು. ಸಂದರ್ಶನಕ್ಕೆ ಹೋಗುವ ಮುಂಚಿನ ಎರಡು ವಾರದಲ್ಲಿ ಆ ಕ್ಷೇತ್ರದಲ್ಲಿ ಈಚೆಗೆ ಬದಲಾದದ್ದು ಎರಡನ್ನಾದರೂ ತಿಳಿದುಕೊಂಡಿರಿ. ಸಾಧ್ಯವಿದ್ದರೆ ಸಣ್ಣದೊಂದು ಮಾದರಿ ಕೆಲಸ ಮಾಡಿಟ್ಟುಕೊಳ್ಳಿ. 'ಬೇಕಾದರೆ ಒಂದು ಟೆಸ್ಟ್ ಕೊಡಿ, ಮಾಡಿ ತೋರಿಸ್ತೀನಿ' ಎಂದು ನೀವೇ ಹೇಳುವುದು ಈ ಪ್ರಶ್ನೆಗೆ ಒಳ್ಳೆಯ ಉತ್ತರ.

ಸಂಬಳದ ಮಾತು ಬಂದಾಗ ಕೆಲವರು ಗ್ಯಾಪ್ ತೋರಿಸಿ ಚೌಕಾಸಿ ಮಾಡುತ್ತಾರೆ. ಆಗ ಮಾತು ಹುದ್ದೆಯ ಮೇಲೇ ಇರಲಿ. ಹತ್ತು ತಿಂಗಳು ಮನೆಯಲ್ಲಿದ್ದಿರಿ ಎಂದು ಆ ಹುದ್ದೆಯ ಜವಾಬ್ದಾರಿಯೇನೂ ಕಡಿಮೆಯಾಗುವುದಿಲ್ಲ.

## ಅಭ್ಯಾಸ ಮಾಡುವಾಗ

ನಾಲ್ಕು ವಾಕ್ಯ ಬರೆಯಿರಿ, ಆದರೆ ಬಾಯಿಪಾಠ ಮಾಡಬೇಡಿ. ಬಾಯಿಪಾಠದ ಉತ್ತರ ಒಂದೇ ಉಸಿರಿಗೆ, ಒಂದೇ ರಾಗದಲ್ಲಿ ಬಂದು ಗುಟ್ಟು ಬಿಟ್ಟುಕೊಡುತ್ತದೆ. ಬರೆದದ್ದನ್ನು ಪಕ್ಕಕ್ಕಿಟ್ಟು, ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡು, ಪ್ರತಿ ಸಲವೂ ಬೇರೆ ಪದಗಳಲ್ಲಿ ಮೂರು ನಾಲ್ಕು ಬಾರಿ ಹೇಳಿ. ಕೇಳುವಾಗ ಎರಡನ್ನು ಗಮನಿಸಿ: ಒಂದು ನಿಮಿಷ ದಾಟಿತೇ, ಕ್ಷಮೆ ಕೇಳುವ ಮಾತು ಎಲ್ಲಾದರೂ ನುಸುಳಿತೇ? 'ದುರದೃಷ್ಟವಶಾತ್', 'ಏನು ಮಾಡೋದು ಸರ್', 'ಸುಮ್ಮನೆ ಕೂತಿರಲಿಲ್ಲ ಮೇಡಂ' ಎಂಬಂಥವು ಬಂದರೆ ತೆಗೆಯಿರಿ. ಕೊನೆಯದಂತೂ ಯಾರೂ ಹೊರಿಸದ ಆರೋಪಕ್ಕೆ ಕೊಡುವ ಸಮಜಾಯಿಷಿ.

ನಾಲ್ಕನೆಯ ವಾಕ್ಯ ಮುಗಿದ ಮೇಲೆ ಎದುರಿನವರು ಕೆಲವು ಸೆಕೆಂಡು ಸುಮ್ಮನಿರುತ್ತಾರೆ. ಬಹಳ ಸಲ ಅವರು ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಿರುತ್ತಾರೆ, ಅಷ್ಟೇ. ಆ ಮೌನ ತಡೆಯಲಾರದೆ 'ಆಕ್ಚುಯಲಿ ಏನಾಯ್ತು ಅಂದ್ರೆ...' ಎಂದು ಐದನೆಯ ವಾಕ್ಯಕ್ಕೆ ಬಾಯಿ ತೆರೆಯಬೇಡಿ. ಮುಂದಿನ ಪ್ರಶ್ನೆ ಕೇಳುವ ಸರದಿ ಅವರದು.